ಹಳೆಯ ಬ್ಯಾಟರಿ ಯಾರ ಕೈಗೆ?

(ಪುಣೆಯ ನಮ್ಮ ಸಂಘದ ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ತಿಂಗಳು ನೀವೇ ಏನಾದರೂ ಮಾತಾಡಿ ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ, "ಎಲೆಕ್ಟ್ರಿಕ್ ಕಾರಿನ ಹಳೆಯ ಬ್ಯಾಟರಿಗಳ ಬಗ್ಗೆ ಮಾತಾಡ್ತೀನಿ" ಎಂದೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಮೆಲ್ಲಗೆ, "ಮೇಡಂ, ಅದು ಗಂಡಸರ ಸಬ್ಜೆಕ್ಟ್ ಅಲ್ವಾ?" ಎಂದರು. ಕಾರು ಕೊಳ್ಳುವಾಗ ಗಂಡಸರ ಸಬ್ಜೆಕ್ಟ್ ಇರಬಹುದು. ಆದರೆ ಮನೆಯ ಹಳೆಯ ಸಾಮಾನು ಹೊರಗೆ ಹೋಗುವಾಗ ಅದು ಯಾರ ಸಬ್ಜೆಕ್ಟ್? ಹಳೆ ಪೇಪರ್ ಯಾರಿಗೆ, ಹಳೆ ಪಾತ್ರೆ ಯಾರಿಗೆ, ಕೆಟ್ಟ ಮಿಕ್ಸಿ ಯಾರಿಗೆ ಎಂದು ತೀರ್ಮಾನ ಮಾಡುವವರು ನಾವೇ ತಾನೆ? ಹಾಗಾಗಿ ಇದು ನಮ್ಮದೇ ವಿಷಯ ಎಂದು ಅವರನ್ನು ಒಪ್ಪಿಸಿದೆ.

ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ದೀಪಾವಳಿಗೆ ಮೊದಲು ಮನೆ ಸ್ವಚ್ಛ ಮಾಡುತ್ತಿದ್ದೆ. ಮಗನ ಕಪಾಟಿನಲ್ಲಿ ಒಂದು ಹಳೆಯ ಪವರ್ ಬ್ಯಾಂಕ್ ಸಿಕ್ಕಿತು. ಪೂರಿಯಂತೆ ಉಬ್ಬಿಕೊಂಡಿತ್ತು. ಕೆಲಸಕ್ಕೆ ಬಾರದ್ದು ಎಂದು ಒಣ ಕಸದ ಚೀಲದಲ್ಲಿ ಹಾಲಿನ ಪ್ಯಾಕೆಟ್, ಪೇಪರ್‌ಗಳ ನಡುವೆ ಹಾಕಿದೆ. ಮರುದಿನ ಬೆಳಿಗ್ಗೆ ಕಸ ತೆಗೆದುಕೊಳ್ಳಲು ಬರುವ ಮಾವಶಿ ಗೇಟಿನ ಬಳಿ ಕೂತು ಕಸ ಬೇರ್ಪಡಿಸುತ್ತಿದ್ದರು. ಚೀಲ ಚಪ್ಪಟೆಯಾಗಲಿ ಎಂದು ಕೈಯಿಂದ ಒತ್ತಿದ್ದಾರೆ. ಬುಸ್ಸೆಂದು ಹೊಗೆ, ಅದರ ಹಿಂದೆಯೇ ಬೆಂಕಿ. ಬಲ ಅಂಗೈ ಸುಟ್ಟುಹೋಯಿತು. ನಾನು ಕೆಳಗೆ ಓಡಿದಾಗ ವಾಚ್‌ಮನ್ ನೀರು ಸುರಿಯುತ್ತಿದ್ದ. ಆಕೆ ನೋವಿನಲ್ಲೂ ಹೇಳಿದ ಮಾತು ನನಗೆ ಈಗಲೂ ಮರೆತಿಲ್ಲ: "ಬಾಯಿ, ಗಾಜಿನ ಚೂರಾದರೆ ಕಣ್ಣಿಗೆ ಕಾಣುತ್ತೆ. ಇದು ಕಾಣಲಿಲ್ಲ."

ಮೂರು ವಾರ ಆಕೆ ಕೆಲಸಕ್ಕೆ ಬರಲಾಗಲಿಲ್ಲ. ಕಾಲೇಜು ಬಿಟ್ಟು ಮಗಳು ಬಂದು ಕಸ ಎತ್ತಿದಳು. ಔಷಧದ ಖರ್ಚು, ಆ ದಿನಗಳ ಸಂಪಾದನೆ ಎಲ್ಲವನ್ನೂ ನಾವು ಕೊಟ್ಟೆವು. ಆದರೆ ಅದರಿಂದ ನನ್ನ ತಪ್ಪು ತೀರಲಿಲ್ಲ. ಏಕೆಂದರೆ ನಾನು 31 ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವಳು. ಉಬ್ಬಿದ ಲಿಥಿಯಂ ಬ್ಯಾಟರಿಯ ಒಳಗೆ ಏನಿರುತ್ತದೆ ಎಂದು ಬಲ್ಲವಳು. ಬೋರ್ಡಿನ ಮೇಲೆ ಗೊತ್ತಿದ್ದದ್ದು ಕಸದ ಬುಟ್ಟಿಯ ಮುಂದೆ ನೆನಪಾಗಲಿಲ್ಲ.

ಈಗ ಒಂದು ಲೆಕ್ಕ ನೋಡಿ. ಆ ಪವರ್ ಬ್ಯಾಂಕ್‌ನಲ್ಲಿ ತುಂಬುವ ಶಕ್ತಿ ಸುಮಾರು 37 ವ್ಯಾಟ್-ಅವರ್. 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನ್ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ 30.2 ಕಿಲೋವ್ಯಾಟ್-ಅವರ್. ಅಂದರೆ ಒಂದು ಕಾರಿನ ಹೊಟ್ಟೆಯ ಕೆಳಗೆ ಅಂಥ 800ಕ್ಕೂ ಹೆಚ್ಚು ಪವರ್ ಬ್ಯಾಂಕ್‌ಗಳು ಇದ್ದಂತೆ! ಆ ಕಾರಿನ ಬ್ಯಾಟರಿಗೆ ಕೊಟ್ಟ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್. ಮೊದಲ ವರ್ಷ ಕೊಂಡವರ ವಾರಂಟಿ 2028ರಲ್ಲಿ ಮುಗಿಯುತ್ತದೆ. ವಾರಂಟಿ ಮುಗಿದ ಕೂಡಲೇ ಬ್ಯಾಟರಿ ಸಾಯುವುದಿಲ್ಲ, ಭಯಬೇಡ. ಆದರೆ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲೇ ಈಗ ಹಸಿರು ನಂಬರ್ ಪ್ಲೇಟಿನ ಏಳು ಕಾರುಗಳಿವೆ. ಇವೆಲ್ಲ ಒಂದು ದಿನ ಮುದಿಯಾಗುತ್ತವೆ. ಆಗ ಅವುಗಳ ಬ್ಯಾಟರಿ ಯಾರ ಕೈಗೆ ಹೋಗುತ್ತದೆ? ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ಮೊದಲು ಈ ಬ್ಯಾಟರಿ ಎಂದರೇನು ಎಂದು ಸ್ವಲ್ಪ ತಿಳಿಯೋಣ. ಲಿಥಿಯಂ ಅಯಾನ್ ಬ್ಯಾಟರಿಯನ್ನು ರೂಪಿಸಿದ್ದಕ್ಕಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್ ಮತ್ತು ಜಪಾನಿನ ಅಕಿರಾ ಯೋಶಿನೋ ಅವರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕಾರಿನ ಬ್ಯಾಟರಿ ಒಂದೇ ದೊಡ್ಡ ಡಬ್ಬಿಯಲ್ಲ. ಸಣ್ಣ ಸಣ್ಣ ಸೆಲ್‌ಗಳು ಸೇರಿ ಒಂದು ಮಾಡ್ಯೂಲ್, ಮಾಡ್ಯೂಲ್‌ಗಳು ಸೇರಿ ಒಂದು ಪ್ಯಾಕ್. ಇಡೀ ಪ್ಯಾಕ್ ನೂರಾರು ಕಿಲೋ ತೂಗುತ್ತದೆ. ಒಳಗೆ ಲಿಥಿಯಂ, ತಾಮ್ರ, ಅಲ್ಯೂಮಿನಿಯಂ, ಗ್ರಾಫೈಟ್ ಇರುತ್ತವೆ. ಕೆಲವು ಬಗೆಯಲ್ಲಿ ನಿಕ್ಕೆಲ್, ಮ್ಯಾಂಗನೀಸ್, ಕೋಬಾಲ್ಟ್ ಇದ್ದರೆ, ಇನ್ನು ಕೆಲವು ಬಗೆಯಲ್ಲಿ ಅವುಗಳ ಬದಲು ಕಬ್ಬಿಣ ಮತ್ತು ಫಾಸ್ಫೇಟ್. ಇವುಗಳ ನಡುವೆ ಎಲೆಕ್ಟ್ರೊಲೈಟ್ ಎಂಬ ದ್ರವ. ಅದು ಬೇಗ ಹೊತ್ತಿಕೊಳ್ಳುವ ದ್ರವ. ಅದರಲ್ಲಿರುವ ಲವಣಕ್ಕೆ ತೇವ ಅಥವಾ ಬೆಂಕಿ ತಗುಲಿದರೆ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಬರಬಹುದು. ಹಳ್ಳಿಯ ಭಾಷೆಯಲ್ಲಿ ಹೇಳುವುದಾದರೆ, ಇದು ಒಂದೇ ಡಬ್ಬಿಯಲ್ಲಿ ಒಡವೆಯನ್ನೂ ಪಟಾಕಿಯನ್ನೂ ಇಟ್ಟ ಹಾಗೆ.

ಬ್ಯಾಟರಿ ಹಳೆಯದಾಯಿತು ಎಂದರೇನು? ಸಾಮಾನ್ಯವಾಗಿ ಹೊಸದಿದ್ದಾಗಿನ ಶಕ್ತಿಯಲ್ಲಿ ನೂರಕ್ಕೆ 70-80 ಭಾಗ ಉಳಿದಾಗ ಅದು ಕಾರಿಗೆ ಸಾಲದು ಎನ್ನುತ್ತಾರೆ. ಕಾರಿಗೆ ದೂರ ಓಡಬೇಕು, ಫ್ಲೈಓವರ್ ಹತ್ತುವಾಗ ಒಮ್ಮೆಲೇ ಜೋರು ಬೇಕು. ಅದು ಆಗುವುದಿಲ್ಲ. ಆದರೆ ಉಳಿದ 70 ಭಾಗ ಎಷ್ಟು ಗೊತ್ತೇ? ಒಂದು ಕಿಲೋವ್ಯಾಟ್-ಅವರ್ ಎಂದರೆ ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್. 30 ಯೂನಿಟ್‌ನ ಬ್ಯಾಟರಿ ಸೊರಗಿ 21 ಯೂನಿಟ್‌ಗೆ ಇಳಿದರೂ, ದಿನಕ್ಕೆ 7 ಯೂನಿಟ್ ಉಪಯೋಗಿಸುವ ಮನೆಗೆ ಮೂರು ದಿನ ಸಾಕು. ಮನೆಯಲ್ಲಿರುವ 150 ಆಂಪಿಯರ್-ಅವರ್‌ನ ಇನ್ವರ್ಟರ್ ಬ್ಯಾಟರಿಯಲ್ಲಿ ಎರಡು ಯೂನಿಟ್ ಕೂಡ ಇರುವುದಿಲ್ಲ. ಕಾರಿಗೆ ಬೇಡವಾದದ್ದು ಅಂಥ ಹನ್ನೊಂದು-ಹನ್ನೆರಡು ಇನ್ವರ್ಟರ್ ಬ್ಯಾಟರಿಗಳಿಗೆ ಸಮ.

ನಮಗೆ ಇದು ಹೊಸ ವಿಚಾರವಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಮದುವೆಗೆ ಉಟ್ಟ ಸೀರೆ ಹಬ್ಬದ ಸೀರೆಯಾಯಿತು, ಆಮೇಲೆ ಮನೆಯಲ್ಲಿ ಉಡುವ ಸೀರೆಯಾಯಿತು, ಆಮೇಲೆ ಮಗುವಿನ ತೊಟ್ಟಿಲಿಗೆ ಬಂತು, ಕೌದಿಗೆ ಸೇರಿತು, ಕೊನೆಗೆ ಒರೆಸುವ ಬಟ್ಟೆಯಾಯಿತು. ಬ್ಯಾಟರಿಗೂ ಹೀಗೆ ಮೆಟ್ಟಿಲುಗಳಿವೆ. ಮೊದಲು ಕಾರು. ಎರಡನೆಯದು ಕೂತಲ್ಲೇ ಕೂತು ಮಾಡುವ ಕೆಲಸ: ಸೌರಶಕ್ತಿಯನ್ನು ಹಗಲು ತುಂಬಿಕೊಂಡು ರಾತ್ರಿ ಕೊಡುವುದು, ಕರೆಂಟ್ ಹೋದಾಗ ದೀಪ ಉರಿಸುವುದು. ಕೊನೆಗೆ ಮರುಬಳಕೆ, ಅಂದರೆ ಒಡೆದು ಲೋಹಗಳನ್ನು ಹೊರತೆಗೆಯುವುದು. ಒಂದೇ ವ್ಯತ್ಯಾಸ, ಹಳೆ ಸೀರೆಯನ್ನು ತಪ್ಪಾದ ಕೈಗೆ ಕೊಟ್ಟರೆ ಯಾರ ಅಂಗೈಯೂ ಸುಡುವುದಿಲ್ಲ.

ಈ ಎರಡನೆಯ ಮೆಟ್ಟಿಲನ್ನು ಜಗತ್ತಿನಲ್ಲಿ ಈಗಾಗಲೇ ಹತ್ತುತ್ತಿದ್ದಾರೆ. ಆಮ್‌ಸ್ಟರ್‌ಡ್ಯಾಮ್ ನಗರದ ಯೋಹಾನ್ ಕ್ರೈಫ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 2018ರಲ್ಲಿ 148 ನಿಸಾನ್ ಲೀಫ್ ಕಾರುಗಳಿಗೆ ಸಮನಾದ ಬ್ಯಾಟರಿ ಭಂಡಾರ ಇಟ್ಟರು. ಅದರಲ್ಲಿ ಹೊಸ ಬ್ಯಾಟರಿಗಳೂ ಇದ್ದವು, ಕಾರಿನಿಂದ ತೆಗೆದ ಹಳೆಯವೂ ಇದ್ದವು. ಜಪಾನಿನಲ್ಲಿ ರೈಲ್ವೆ ಲೆವೆಲ್ ಕ್ರಾಸಿಂಗ್‌ಗಳಲ್ಲಿ ಕರೆಂಟ್ ಹೋದಾಗ ಗೇಟು, ದೀಪ ನಡೆಸಲು ಹಳೆಯ ಲೀಫ್ ಬ್ಯಾಟರಿಗಳನ್ನು ಬಳಸಿ ನೋಡಿದ್ದಾರೆ. 2018ರಲ್ಲೇ ಅಲ್ಲಿನ ಫುಕುಶಿಮಾ ಪ್ರಾಂತ್ಯದ ನಾಮಿಯೆ ಎಂಬ ಊರಿನಲ್ಲಿ ಹಳೆಯ ಕಾರು ಬ್ಯಾಟರಿಗಳನ್ನು ಪರೀಕ್ಷಿಸಿ ಮರುಸಿದ್ಧ ಮಾಡುವ ಕಾರ್ಖಾನೆ ತೆರೆಯಿತು. ಸುನಾಮಿ ಮತ್ತು ಅಣುಸ್ಥಾವರದ ದುರಂತದಲ್ಲಿ ಜನ ಬಿಟ್ಟು ಹೋಗಬೇಕಾಗಿ ಬಂದ ಊರು ಅದು.

ನಮ್ಮ ಬೆಂಗಳೂರಿನದೂ ಒಂದು ಕಥೆ ಇದೆ, ಹೆಂಗಸರಾದ ನಾವು ಕೇಳಲೇಬೇಕಾದದ್ದು. ಬರ್ಲಿನ್ ಮತ್ತು ಬೆಂಗಳೂರು ಎರಡೂ ಕಡೆ ಇರುವ ನುನಮ್ ಎಂಬ ಸ್ಟಾರ್ಟಪ್ ಸಂಸ್ಥೆ ಮೊದಲು ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳ ಒಳ್ಳೆಯ ಸೆಲ್‌ಗಳನ್ನು ಆರಿಸಿ, ಬೀದಿಬದಿ ವ್ಯಾಪಾರಿಗಳ ದೀಪಕ್ಕೆ ಬಳಸುವ ಕೆಲಸ ಮಾಡಿತು. 2022ರಲ್ಲಿ ಆಡಿ ಕಂಪನಿಯ ಇ-ಟ್ರಾನ್ ಪರೀಕ್ಷಾ ಕಾರುಗಳಿಂದ ತೆಗೆದ ಬ್ಯಾಟರಿಗಳನ್ನು ಹಾಕಿ ಮೂರು ಎಲೆಕ್ಟ್ರಿಕ್ ರಿಕ್ಷಾಗಳನ್ನು ಸಿದ್ಧಪಡಿಸಿತು. ಇವುಗಳ ಉದ್ದೇಶ ಏನು ಗೊತ್ತೇ? ಹೆಂಗಸರು ತಮ್ಮ ಸರಕನ್ನು ಮಧ್ಯವರ್ತಿ ಇಲ್ಲದೆ ತಾವೇ ಮಾರುಕಟ್ಟೆಗೆ ಒಯ್ಯುವಂತಾಗಬೇಕು ಎಂಬುದು. ಭಾರೀ ಕಾರನ್ನು ಎಳೆಯಲು ಸಾಲದ ಬ್ಯಾಟರಿ, ಹಗುರವಾದ ರಿಕ್ಷಾಗೆ ಧಾರಾಳವಾಯಿತು. ದುಬಾರಿ ಕಾರಿನ ಬ್ಯಾಟರಿ ಬಡವರ ಮನೆಯ ಅನ್ನಕ್ಕೆ ದಾರಿಯಾಗುವುದೆಂದರೆ ಎಷ್ಟು ಚೆನ್ನ ಅಲ್ಲವೇ?

ಹಾಗೆಂದು ಹಳೆಯ ಬ್ಯಾಟರಿ ಎಲ್ಲಿ ಅಗ್ಗವಾಗಿ ಸಿಕ್ಕಿದರೂ ತಂದು ಇಟ್ಟುಕೊಳ್ಳಬಹುದು ಎಂದಲ್ಲ. ಕಳೆದ ವರ್ಷ ನಮ್ಮ ಸೊಸೈಟಿಯಲ್ಲೇ ಇದರ ಚರ್ಚೆ ನಡೆಯಿತು. ಜನರೇಟರ್ ಡೀಸೆಲ್ ಖರ್ಚು ಜಾಸ್ತಿ ಎಂದು ಸಮಿತಿಯವರು ಲಿಫ್ಟ್ ಮತ್ತು ಮೆಟ್ಟಿಲ ದೀಪಗಳಿಗೆ ಬ್ಯಾಟರಿ ಬ್ಯಾಕಪ್ ಹುಡುಕುತ್ತಿದ್ದರು. ಒಬ್ಬರು ಸಣ್ಣ ಅಂಗಡಿಯಿಂದ ಕೊಟೇಶನ್ ತಂದರು. ಹೊಸದರ ಅರ್ಧ ಬೆಲೆ. ಕಾರುಗಳ ಹಳೆಯ ಸೆಲ್‌ಗಳನ್ನು ಜೋಡಿಸಿದ ಪೆಟ್ಟಿಗೆ, ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಇಡುವುದು. ಸಭೆಯಲ್ಲಿ ನಾನು ನಾಲ್ಕು ಪ್ರಶ್ನೆ ಕೇಳಿದೆ. ಈ ಸೆಲ್‌ಗಳು ಯಾವ ಗಾಡಿಯವು, ಅಪಘಾತವಾದ ಅಥವಾ ನೆರೆಯಲ್ಲಿ ಮುಳುಗಿದ ಗಾಡಿಯವೇ? ಒಂದೊಂದು ಸೆಲ್ಲಿನ ಆರೋಗ್ಯ ಪರೀಕ್ಷೆಯ ವರದಿ ಇದೆಯೇ? ಬಿಸಿಯಾದರೆ ತಾನಾಗಿ ನಿಲ್ಲಿಸುವ ನಿಯಂತ್ರಣ ವ್ಯವಸ್ಥೆ ಯಾರದು? ಇದು ಸತ್ತಾಗ ಮರಳಿ ಒಯ್ಯುವವರು ಯಾರು? ಕೊಟೇಶನ್ ತಂದವರು ಅಂಗಡಿಗೆ ಫೋನ್ ಮಾಡಿದರು. ಒಂದಕ್ಕೂ ಕಾಗದದ ಉತ್ತರ ಬರಲಿಲ್ಲ. "ಎಲ್ಲಾ ಚೆಕ್ ಮಾಡಿದ್ದೀವಿ" ಎಂಬ ಮಾತು ಬಂತು ಅಷ್ಟೇ.

ನಾಲ್ಕು ಪ್ರಶ್ನೆ ಏಕೆ ಬೇಕು ಎಂದರೆ, ಹಳೆಯ ಸೆಲ್‌ಗಳೆಲ್ಲ ಒಂದೇ ರೀತಿ ಮುದಿಯಾಗುವುದಿಲ್ಲ. ತೇರು ಎಳೆಯುವಾಗ ಒಬ್ಬ ಎಡವಿದರೆ ಹಗ್ಗ ಹಿಡಿದವರೆಲ್ಲ ತಡವರಿಸುವ ಹಾಗೆ, ಸಾಲಿನಲ್ಲಿ ಒಂದು ಸೆಲ್ ಸೊರಗಿದ್ದರೆ ಇಡೀ ಸಾಲು ಅದರಷ್ಟೇ ಕೆಲಸ ಮಾಡುತ್ತದೆ. ಆ ಸೊರಗಿದ ಸೆಲ್ಲಿಗೆ ಬಲವಂತವಾಗಿ ತುಂಬಿಸಿದರೆ ಬಿಸಿಯಾಗುತ್ತದೆ. ಒಂದು ಮಿತಿ ದಾಟಿದರೆ ಬಿಸಿಯೇ ಇನ್ನಷ್ಟು ಬಿಸಿಯನ್ನು ಹುಟ್ಟಿಸಿ, ಪಕ್ಕದ ಸೆಲ್ಲಿಗೆ ಹಬ್ಬುತ್ತದೆ. ಮೇಲೆ 60 ಮನೆಗಳ ಜನ ಮಲಗಿರುವಾಗ ಕೆಳಗೆ ಅಂಥದ್ದನ್ನು ಇಡುವುದೇ? ಕೊನೆಗೆ ಸಮಿತಿ ಬೇಡ ಎಂದಿತು. ಕೆಲವರಿಗೆ ಬೇಸರವಾಯಿತು. "ಪರಿಸರ ಪರಿಸರ ಅಂತೀರಿ, ಮರುಬಳಕೆ ಬೇಡ ಅಂತೀರಿ" ಎಂದು ಲಿಫ್ಟಿನಲ್ಲಿ ಒಬ್ಬರು ನನಗೇ ಹೇಳಿದರು. ಮರುಬಳಕೆ ಬೇಕು. ಪರೀಕ್ಷೆ ಮಾಡಿದ್ದು, ಹೊಣೆ ಹೊತ್ತವರ ಹೆಸರು ಇರುವಂಥದ್ದು ಬೇಕು. ಯುರೋಪಿನಲ್ಲಿ 2027ರ ಫೆಬ್ರವರಿಯಿಂದ ಎಲೆಕ್ಟ್ರಿಕ್ ಗಾಡಿಯ ಪ್ರತಿ ಬ್ಯಾಟರಿಗೂ ಒಂದು ಡಿಜಿಟಲ್ ಪಾಸ್‌ಪೋರ್ಟ್ ಇರಬೇಕೆಂದು ಕಾನೂನು ಮಾಡಿರುವುದು ಇದಕ್ಕೇ. ಯಾವ ಕಂಪನಿಯದು, ಒಳಗೆ ಏನಿದೆ, ಆರೋಗ್ಯ ಹೇಗಿದೆ ಎಂಬುದು ಅದರಲ್ಲಿ ದಾಖಲಾಗಿರಬೇಕು.

ಇನ್ನು ಕೊನೆಯ ಮೆಟ್ಟಿಲು, ಒಡೆದು ಲೋಹ ತೆಗೆಯುವುದು. ನನ್ನ ತವರು ಮಂಡ್ಯ. ಚಿಕ್ಕವಳಿದ್ದಾಗ ಆಲೆಮನೆಯಲ್ಲಿ ಕೂತು ನೋಡುತ್ತಿದ್ದೆ. ಕಬ್ಬು ಅರೆದು ಹಾಲು ತೆಗೆದ ಮೇಲೆ ಉಳಿಯುವ ಸಿಪ್ಪೆಯನ್ನು ಒಣಗಿಸಿ ಅದೇ ಒಲೆಗೆ ಹಾಕುತ್ತಿದ್ದರು. ಕಬ್ಬಿನ ಬೆಲ್ಲ ಕಬ್ಬಿನ ಬೆಂಕಿಯಿಂದಲೇ ಆಗುತ್ತಿತ್ತು. ಬ್ಯಾಟರಿಯಿಂದ ಮತ್ತೆ ಬ್ಯಾಟರಿ ಮಾಡುವುದೂ ಅಂಥದ್ದೇ ಆಸೆ. ಮೊದಲು ಉಳಿದ ಕರೆಂಟನ್ನೆಲ್ಲ ಬಸಿಯುತ್ತಾರೆ. ಪ್ಯಾಕ್ ಬಿಚ್ಚಿ ತಂತಿ, ಹೊರಕವಚ ಬೇರೆ ಮಾಡುತ್ತಾರೆ. ಸೆಲ್‌ಗಳನ್ನು ಬೆಂಕಿ ಹತ್ತದಂತೆ ಗಾಳಿಯನ್ನು ನಿಯಂತ್ರಿಸಿದ ಅಥವಾ ದ್ರವ ತುಂಬಿದ ಯಂತ್ರದಲ್ಲಿ ಪುಡಿ ಮಾಡುತ್ತಾರೆ. ತಾಮ್ರ, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಬೇರ್ಪಟ್ಟ ಮೇಲೆ ಕಾಡಿಗೆಯಂಥ ಕಪ್ಪು ಪುಡಿ ಉಳಿಯುತ್ತದೆ. ಉದ್ಯಮದವರು ಅದನ್ನು ಬ್ಲ್ಯಾಕ್ ಮಾಸ್ ಎನ್ನುತ್ತಾರೆ. ನಿಜವಾದ ಸಂಪತ್ತು ಇರುವುದು ಅದರಲ್ಲೇ. ಅದನ್ನು ಆಮ್ಲದಲ್ಲಿ ಕರಗಿಸಿ, ಒಂದೊಂದಾಗಿ ನಿಕ್ಕೆಲ್, ಕೋಬಾಲ್ಟ್, ಲಿಥಿಯಂ ಲವಣಗಳನ್ನು ಹೊರತೆಗೆಯುತ್ತಾರೆ. ಇನ್ನೊಂದು ದಾರಿ ಕುಲುಮೆಯಲ್ಲಿ ಕರಗಿಸುವುದು. ಅದರಲ್ಲಿ ನಿಕ್ಕೆಲ್, ಕೋಬಾಲ್ಟ್ ಸಿಗುತ್ತವೆ, ಆದರೆ ಲಿಥಿಯಂ ಕಿಟ್ಟದಲ್ಲಿ ಸೇರಿಹೋಗುತ್ತದೆ. ನಮ್ಮ ದೇಶದಲ್ಲಿ ರೂರ್ಕಿಯ ಅಟೆರೋ, ಗ್ರೇಟರ್ ನೋಯ್ಡಾದ ಲೋಹಮ್, ಬೆಂಗಳೂರಿನ ಮೆಟಾಸ್ಟೇಬಲ್ ಮೆಟೀರಿಯಲ್ಸ್ ಮುಂತಾದ ಸಂಸ್ಥೆಗಳು ಈ ಕೆಲಸಕ್ಕೆ ಇಳಿದಿವೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಇಂಥ ಅಪರೂಪದ ಖನಿಜಗಳ ಮರುಬಳಕೆಗೆ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ಕೊಟ್ಟಿತು.

ಇಷ್ಟೆಲ್ಲ ಕಷ್ಟ ಏಕೆ, ಹೊಸದಾಗಿ ಅಗೆಯಬಾರದೇ ಎನ್ನಬಹುದು. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಪ್ರದೇಶದಲ್ಲಿ ಲಿಥಿಯಂ ಸಿಕ್ಕಿದೆ ಎಂಬ ಸುದ್ದಿ ಬಂದಾಗ ನನ್ನ ತಮ್ಮ ಫೋನ್ ಮಾಡಿ, "ಅಕ್ಕಾ, ಇನ್ನು ನಮ್ಮೂರು ಕೋಲಾರ ಆಗುತ್ತೆ" ಎಂದು ಹಿಗ್ಗಿದ್ದ. 2021ರಲ್ಲಿ ಸರ್ಕಾರ ಹೇಳಿದ ಪ್ರಾಥಮಿಕ ಅಂದಾಜು 1,600 ಟನ್. ಒಂದು ದೇಶದ ಅಗತ್ಯದ ಮುಂದೆ ಅದು ಬಹಳ ಚಿಕ್ಕದು. ಲಿಥಿಯಂಗೆ ನಾವು ಇಂದಿಗೂ ಹೊರದೇಶಗಳನ್ನೇ ನಂಬಿದ್ದೇವೆ. ಕೋಬಾಲ್ಟ್‌ನ ಕಥೆ ಇನ್ನೂ ಕಹಿ. ಜಗತ್ತಿನ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಆಫ್ರಿಕಾದ ಕಾಂಗೋ ದೇಶದಿಂದ. ಅಲ್ಲಿ ಹೆಂಗಸರು, ಮಕ್ಕಳು ಕೂಡ ಬರಿಗೈಯಲ್ಲಿ ಅದಿರನ್ನು ಆರಿಸಿ ತೊಳೆಯುವುದನ್ನು ಮಾನವ ಹಕ್ಕುಗಳ ಸಂಘಟನೆಗಳು ದಾಖಲಿಸಿವೆ. ಅಷ್ಟು ಕಷ್ಟದಿಂದ ಮೇಲೆ ಬಂದ ಲೋಹವನ್ನು ನಾವು ಒಮ್ಮೆ ಬಳಸಿ ಗುಂಡಿಗೆ ಎಸೆಯುವುದು ಸರಿಯೇ?

ಈಗ ನಾನು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಏಕೆಂದರೆ ಬ್ಯಾಟರಿ ಮರುಬಳಕೆ ನಮಗೆ ಹೊಸತಲ್ಲ. 2001ರಲ್ಲಿ ಬೆಂಗಳೂರಿನ ರಸ್ತೆಗೆ ಇಳಿದ ರೇವಾ ಕಾರು ನಿಮಗೆ ನೆನಪಿದೆಯೇ? ಅದರಲ್ಲಿ ಇದ್ದದ್ದು ಸೀಸದ ಬ್ಯಾಟರಿ. ನಮ್ಮ ಮನೆಯ ಇನ್ವರ್ಟರ್, ಬಹಳಷ್ಟು ಇ-ರಿಕ್ಷಾಗಳಲ್ಲಿ ಇರುವುದೂ ಅದೇ. ಸೀಸಕ್ಕೆ ಒಳ್ಳೆಯ ಬೆಲೆ ಇರುವುದರಿಂದ ಅದನ್ನು ಯಾರೂ ಬಿಸಾಡುವುದಿಲ್ಲ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆ ಇಳಿಯುತ್ತದೆ. ಹಾಗಾದರೆ ಎಲ್ಲ ಸರಿಯಾಗಿದೆಯೇ? ಇಲ್ಲ. ಬಹಳಷ್ಟು ಬ್ಯಾಟರಿಗಳು ಲೈಸೆನ್ಸ್ ಇಲ್ಲದ ಹಿತ್ತಲ ಕುಲುಮೆಗಳಿಗೆ ಹೋಗುತ್ತವೆ. ಕೊಡಲಿಯಲ್ಲಿ ಒಡೆದು, ಆಮ್ಲವನ್ನು ಮಣ್ಣಿಗೆ ಚೆಲ್ಲಿ, ಬಯಲಿನಲ್ಲಿ ಸೀಸ ಕರಗಿಸುತ್ತಾರೆ. ಆ ಧೂಳು ಕೆಲಸಗಾರರ ಬಟ್ಟೆಯಲ್ಲಿ ಮನೆಗೆ ಬರುತ್ತದೆ. ಆ ಬಟ್ಟೆ ಒಗೆಯುವವಳು ಹೆಂಡತಿ, ಅಪ್ಪನನ್ನು ಓಡಿಬಂದು ಅಪ್ಪಿಕೊಳ್ಳುವುದು ಮಗು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನೇ ಕುಂಠಿತ ಮಾಡುತ್ತದೆ. ಗರ್ಭಿಣಿಯ ರಕ್ತದಿಂದ ಹೊಟ್ಟೆಯ ಕೂಸಿಗೂ ಹೋಗುತ್ತದೆ. ಇದಕ್ಕೆ ಸುರಕ್ಷಿತ ಮಿತಿ ಎಂಬುದೇ ಇಲ್ಲ.

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಜಾರ್ಜ್ ಫೌಂಡೇಶನ್ ಜೊತೆ ಸೇರಿ ಬೆಂಗಳೂರು, ಮುಂಬೈ, ಚೆನ್ನೈ, ದೆಹಲಿ ಮುಂತಾದ ನಗರಗಳ ಮಕ್ಕಳ ರಕ್ತ ಪರೀಕ್ಷೆ ನಡೆಸಿದಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಅಂದಿನ ಮಿತಿಗಿಂತ ಹೆಚ್ಚಿತ್ತು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಆದರೂ 2020ರಲ್ಲಿ ಯುನಿಸೆಫ್ ವರದಿ, ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಹಾನಿ ಮಾಡುವಷ್ಟು ಸೀಸ ಇದೆ ಎಂದಿತು. ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಇದೇ ಹಿತ್ತಲ ಬ್ಯಾಟರಿ ಕುಲುಮೆ. ಬ್ಯಾಟರಿ ಮರಳಿ ಹೋದರೆ ಸಾಲದು, ಯಾರ ಕೈಗೆ ಹೋಯಿತು ಎಂಬುದು ಮುಖ್ಯ ಎಂದು ಸೀಸ ನಮಗೆ ಕಲಿಸಿದ ಪಾಠ ಇದು. ಲಿಥಿಯಂ ವಿಷಯದಲ್ಲಿ ಅದೇ ತಪ್ಪನ್ನು ಮತ್ತೆ ಮಾಡಬೇಕೇ?

ಲಿಥಿಯಂನಲ್ಲಿ ಇನ್ನೊಂದು ತೊಡಕೂ ಇದೆ. ಈಗ ನಮ್ಮ ದೇಶದ ಬಹಳಷ್ಟು ಕಾರು, ಬಸ್ಸುಗಳಲ್ಲಿ ಕಬ್ಬಿಣ-ಫಾಸ್ಫೇಟ್ ಬಗೆಯ ಬ್ಯಾಟರಿ. ಅದು ಹೆಚ್ಚು ಸುರಕ್ಷಿತ, ಬಾಳಿಕೆಯೂ ಹೆಚ್ಚು. ಆದರೆ ಅದರಲ್ಲಿ ನಿಕ್ಕೆಲ್ ಇಲ್ಲ, ಕೋಬಾಲ್ಟ್ ಇಲ್ಲ. ಒಡೆಯುವವನಿಗೆ ಲಾಭ ಕಡಿಮೆ. ಲಾಭ ಇಲ್ಲದ್ದನ್ನು ಗುಜರಿಯವನು ತಾಮ್ರ, ಅಲ್ಯೂಮಿನಿಯಂ ಕಿತ್ತುಕೊಂಡು ಉಳಿದದ್ದನ್ನು ಎಲ್ಲಾದರೂ ಸುರಿಯುವ ಅಪಾಯವಿದೆ. ಮಾರುಕಟ್ಟೆ ತಾನಾಗಿ ಈ ಕೆಲಸ ಮಾಡುವುದಿಲ್ಲ. ಅದಕ್ಕೆ ಕಾನೂನು ಬೇಕು.

ಆ ಕಾನೂನು ಬಂದಿದೆ. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ತಂದಿತು. 2001ರ ಹಳೆಯ ನಿಯಮಗಳಿಗೆ ಬದಲಾಗಿ ಬಂದ ಇವು ಎಲ್ಲ ಬಗೆಯ ಬ್ಯಾಟರಿಗಳಿಗೂ ಅನ್ವಯ. ಬ್ಯಾಟರಿ ಮಾಡಿದವರೇ, ಆಮದು ಮಾಡಿದವರೇ ಅದನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಒದಗಿಸಬೇಕು. ಗುಂಡಿಯಲ್ಲಿ ಹೂಳುವಂತಿಲ್ಲ, ಸುಡುವಂತಿಲ್ಲ. ಒಡೆದಾಗ ಇಷ್ಟು ಪಾಲು ವಸ್ತು ಮರಳಿ ಸಿಗಲೇಬೇಕು ಎಂಬ ಗುರಿಯೂ ಇದೆ, 2026-27ರಿಂದ ಅದು ನೂರಕ್ಕೆ 90. ಎಲೆಕ್ಟ್ರಿಕ್ ಗಾಡಿಗಳ ಹೊಸ ಬ್ಯಾಟರಿಯಲ್ಲಿ 2027-28ರಿಂದ ನೂರಕ್ಕೆ 5 ಭಾಗ ಮರುಬಳಕೆಯ ವಸ್ತು ಇರಬೇಕು, ಅದು ಏರುತ್ತಾ 2030-31ಕ್ಕೆ 20 ಆಗಬೇಕು. ಇದೇ ನಿಯಮಗಳಲ್ಲಿ ಗ್ರಾಹಕರಾದ ನಮಗೂ ಒಂದು ಕರ್ತವ್ಯ ಇದೆ: ಹಳೆಯ ಬ್ಯಾಟರಿಯನ್ನು ಮನೆಯ ಬೇರೆ ಕಸದ ಜೊತೆ ಬೆರೆಸಬಾರದು, ಅದನ್ನು ಸಂಗ್ರಹಿಸುವ ಅಥವಾ ಮರುಬಳಕೆ ಮಾಡುವವರಿಗೇ ಕೊಡಬೇಕು. ಕಾನೂನು ಎಷ್ಟೇ ದೊಡ್ಡದಿರಲಿ, ಅದರ ಮೊದಲ ಹೆಜ್ಜೆ ಇಡಬೇಕಾದದ್ದು ನಮ್ಮ ಮನೆಯ ಬಾಗಿಲಲ್ಲೇ.

ಹಾಗಾದರೆ ನಾವು ಏನು ಮಾಡಬೇಕು? ಬರೆದುಕೊಳ್ಳುವವರು ಬರೆದುಕೊಳ್ಳಿ.

ಒಂದು, ಎಲೆಕ್ಟ್ರಿಕ್ ಕಾರು ಅಥವಾ ಸ್ಕೂಟರ್ ಕೊಳ್ಳುವಾಗ ಬಣ್ಣ, ಮೈಲೇಜ್ ಕೇಳಿದ ಹಾಗೆ, "ಬ್ಯಾಟರಿ ಹಳೆಯದಾದ ಮೇಲೆ ಯಾರು, ಹೇಗೆ ಮರಳಿ ತೆಗೆದುಕೊಳ್ಳುತ್ತೀರಿ?" ಎಂದು ಕೇಳಿ. ಉತ್ತರ ಬರಹದಲ್ಲಿ ಇರಲಿ.

ಎರಡು, ಬ್ಯಾಟರಿ ಬದಲಿಸಬೇಕಾದಾಗ ಕಂಪನಿಯ ಅಧಿಕೃತ ಕೇಂದ್ರಕ್ಕೇ ಹೋಗಿ. ಹೊರಗಿನವರು ಸಾವಿರ ರೂಪಾಯಿ ಹೆಚ್ಚು ಕೊಡುತ್ತೇನೆಂದರೂ ಹಳೆಯದನ್ನು ಬಿಟ್ಟುಕೊಡಬೇಡಿ. ಎಲ್ಲಿಗೆ ಹೋಯಿತು ಎಂಬುದಕ್ಕೆ ರಸೀದಿ ಪಡೆಯಿರಿ. ನೋಂದಣಿಯಾದ ಮರುಬಳಕೆದಾರರ ವಿವರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಸಿಗುತ್ತದೆ.

ಮೂರು, ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಾಡಿ ಕೊಳ್ಳುವಾಗ ಬ್ಯಾಟರಿಯ ಆರೋಗ್ಯ ವರದಿ ಕೇಳಿ. ಅಪಘಾತವಾದ, ನೀರಿನಲ್ಲಿ ಮುಳುಗಿದ ಗಾಡಿಯನ್ನು ಪರೀಕ್ಷೆ ಮಾಡಿಸದೆ ಚಾರ್ಜ್‌ಗೆ ಹಾಕಬೇಡಿ.

ನಾಲ್ಕು, ಮೊಬೈಲ್, ಪವರ್ ಬ್ಯಾಂಕ್, ಮಕ್ಕಳ ಆಟಿಕೆಯ ಬ್ಯಾಟರಿ ಯಾವುದೂ ಒಣ ಕಸಕ್ಕೆ ಬೇಡ. ಮೇಲೆ ಗೀಟು ಹೊಡೆದ ಕಸದ ಬುಟ್ಟಿಯ ಚಿತ್ರ ಇದ್ದರೆ ಅದರ ಅರ್ಥವೇ ಅದು. ತುದಿಗಳಿಗೆ ಟೇಪ್ ಅಂಟಿಸಿ ಬೇರೆ ಇಡಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಉಬ್ಬಿದ್ದರೆ ಚುಚ್ಚಬೇಡಿ, ಒತ್ತಬೇಡಿ, ಚಾರ್ಜ್ ಮಾಡಬೇಡಿ. ಒಣ ಮರಳು ಹಾಕಿದ ಲೋಹದ ಡಬ್ಬಿಯಲ್ಲಿ ಮನೆಯ ಹೊರಗೆ ಇಟ್ಟು ಬೇಗ ಸಾಗಿಸಿ. ಹೊಗೆ ಬಂದರೆ ವೀರರಾಗಬೇಡಿ, ಎಲ್ಲರೂ ದೂರ ಸರಿದು 101 ಅಥವಾ 112ಕ್ಕೆ ಕರೆ ಮಾಡಿ.

ಭಾಷಣ ಮುಗಿಯುವ ಹೊತ್ತಿಗೆ ಸದಸ್ಯೆಯೊಬ್ಬರು ಒಂದು ಪ್ರಶ್ನೆ ಕೇಳಿದರು, ಅದನ್ನೂ ಇಲ್ಲಿ ಸೇರಿಸುತ್ತೇನೆ: "ಇಷ್ಟೊಂದು ತಾಪತ್ರಯ ಇದ್ದರೆ ನಮ್ಮ ಪೆಟ್ರೋಲ್ ಕಾರೇ ವಾಸಿ ಅಲ್ವಾ?" ಒಳ್ಳೆಯ ಪ್ರಶ್ನೆ. ನಾನು ಹೇಳಿದ್ದು ಇಷ್ಟು. ನಿಮ್ಮ ಕಾರಿನಲ್ಲಿ ಇವತ್ತು ಹಾಕಿದ ಪೆಟ್ರೋಲ್ ನಾಳೆ ಹೊಗೆ. ಅದನ್ನು ಮರಳಿ ಹಿಡಿದು ತರಲು ಯಾರಿಂದಲೂ ಆಗುವುದಿಲ್ಲ. ಬ್ಯಾಟರಿಯೊಳಗಿನ ನಿಕ್ಕೆಲ್, ತಾಮ್ರ, ಲಿಥಿಯಂ ಎಂಟು-ಹತ್ತು ವರ್ಷ ಓಡಿದ ಮೇಲೂ ಅಲ್ಲೇ ಇರುತ್ತವೆ. ಅವು ನಮ್ಮ ಮೊಮ್ಮಕ್ಕಳ ಕಾರಿಗೂ ಬರಬಹುದು. ಬರುತ್ತವೆಯೋ, ಯಾವುದೋ ಹಳ್ಳದ ನೀರಿಗೆ ಸೇರುತ್ತವೆಯೋ ಎಂಬುದು ಮಾತ್ರ ನಾವು ಯಾರ ಕೈಗೆ ಕೊಡುತ್ತೇವೆ ಎಂಬುದರ ಮೇಲೆ ನಿಂತಿದೆ.

ಕೊನೆಯದಾಗಿ ವೇದಿಕೆಗೆ ಒಂದು ಸಲಹೆ. ಪುಣೆಯ ನಾವು ಸ್ಯಾನಿಟರಿ ಪ್ಯಾಡ್‌ಗಳನ್ನು ಕಾಗದದಲ್ಲಿ ಸುತ್ತಿ, ಕೆಂಪು ಚುಕ್ಕೆ ಇಟ್ಟು ಕೊಡುವುದನ್ನು ಕಲಿತಿದ್ದೇವೆ. ಕಸ ಆರಿಸುವ ಹೆಣ್ಣುಮಗಳ ಕೈಗೆ ಮರ್ಯಾದೆ ಕೊಡಲು ಶುರುವಾದ ಅಭ್ಯಾಸ ಅದು. ಬ್ಯಾಟರಿಗೂ ಹಾಗೆಯೇ ಒಂದು ಅಭ್ಯಾಸ ಮಾಡೋಣ. ಮೂರು ತಿಂಗಳಿಗೊಮ್ಮೆ ನಮ್ಮ ಸಭೆಯ ದಿನ ಎಲ್ಲರೂ ಮನೆಯ ಹಳೆಯ ಸಣ್ಣ ಬ್ಯಾಟರಿಗಳನ್ನು ಟೇಪ್ ಹಾಕಿ ತರೋಣ. ನೋಂದಣಿಯಾದ ಸಂಸ್ಥೆಯವರನ್ನು ಅದೇ ದಿನ ಕರೆಸಿ, ಅದೇ ದಿನ ಕೊಟ್ಟು ಕಳಿಸೋಣ. ಸಂಘದ ಕೋಣೆಯಲ್ಲಿ ಒಂದು ರಾತ್ರಿಯೂ ಕೂಡಿಡುವುದು ಬೇಡ. ಉಬ್ಬಿದ್ದನ್ನು ಮಾತ್ರ ತರಬೇಡಿ, ಅದನ್ನು ಮನೆಯಿಂದಲೇ ಒಯ್ಯುವ ಏರ್ಪಾಡು ಮಾಡೋಣ. ಸಣ್ಣದರಲ್ಲಿ ಈ ಶಿಸ್ತು ಬಂದರೆ, ನಾಳೆ ಕಾರಿನ ದೊಡ್ಡ ಬ್ಯಾಟರಿ ಮನೆಯಿಂದ ಹೊರಡುವ ದಿನ ನಾವು ತಪ್ಪುವುದಿಲ್ಲ.

ಮಾವಶಿಯ ಅಂಗೈಯಲ್ಲಿ ಈಗಲೂ ಕಲೆ ಇದೆ. ಆಕೆ ಮರೆತಿದ್ದಾರೆ ಎನ್ನುತ್ತಾರೆ. ಈಗ ನಮ್ಮ ಮನೆಯಿಂದ ಕಸದ ಚೀಲ ತೆಗೆದುಕೊಳ್ಳುವಾಗ ಪ್ರತಿದಿನ ನಕ್ಕು ಕೇಳುತ್ತಾರೆ, "ಬಾಯಿ, ಇವತ್ತು ಒತ್ತಬಹುದಾ?" ನಾನು "ಒತ್ತಿ" ಎನ್ನುತ್ತೇನೆ. ಹಾಗೆ ಧೈರ್ಯವಾಗಿ ಹೇಳುವ ಮುಂಚೆ ಚೀಲವನ್ನು ಒಂದು ಸಲ ನೋಡಿಯೇ ಇಳಿಸಿರುತ್ತೇನೆ.